ಬಾಗಿಲಮ್ಮ
ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ಅಧ್ಯಕ್ಷೆ ಸಭಾಕೊಠಡಿಯ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಿದ್ದರು. ಯಾವ ಕಾಯಿಲೆಗೆ ಯಾವ ಔಷಧಿ ಎಂದು ವೈದ್ಯರಿಗೆಲ್ಲ ಮಾರ್ಗಸೂಚಿ ಬರೆಯುವ ಆ ಸಮಿತಿಯಲ್ಲಿ ಅವರಿಗೆ ಬಾಗಿಲಮ್ಮ ಎಂದೇ ಹೆಸರು. ಮತ ಹಾಕುವ ಹೊತ್ತು ಬಂತೆಂದರೆ, ಆ ಔಷಧಿಯೊಂದಿಗೆ ಸ್ವಂತ ನಂಟಿರುವವರನ್ನೆಲ್ಲ ಹೊರಗೆ ಕಳಿಸಲು ಅವರಿಗೆ ಮದುವೆಮನೆಯ ಹುರುಪು. "ಡಾಕ್ಟ್ರೇ, ನಿಮ್ಮ ಅಳಿಯ ಈ ಮಾತ್ರೆ ಕಂಪನಿಯಲ್ಲೇ ಅಲ್ವಾ? ಏಳಿ, ಏಳಿ!" "ಅವನು ನನ್ನ ಮಾತೇ ಕೇಳಲ್ಲ ಮೇಡಂ!" "ನೀವು ಅವನ ಮಾತು ಕೇಳ್ತೀರಲ್ಲ, ನಡೀರಿ ಹೊರಗೆ!" ಕಂಪನಿಯ ಖರ್ಚಿನಲ್ಲಿ ಸಮುದ್ರತೀರ ಸುತ್ತಿ ಬಂದವರಂತೂ ಅವರ ಕಣ್ಣು ಬಿದ್ದರೆ ಸಾಕು, ತಾವೇ ಎದ್ದುಬಿಡುತ್ತಿದ್ದರು. ಆದರೆ ಆ ದಿನ ಮತಕ್ಕೆ ಬಂದದ್ದು ಮಕ್ಕಳ ಉಬ್ಬಸಕ್ಕೆಂದು ಬಾಗಿಲಮ್ಮನೇ ಯೌವನವಿಡೀ ದುಡಿದು ಕಂಡುಹಿಡಿದ ಔಷಧಿ. ಒಂದೇ ಮತ ಕಡಿಮೆಯಾದರೂ ಅದು ಬಿದ್ದುಹೋಗುವ ಹಾಗಿತ್ತು. ಅವರು ಸೆರಗು ಸರಿಪಡಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಟರು. "ಅಯ್ಯೋ, ಕೂತ್ಕೊಳ್ಳಿ ಮೇಡಂ! ನಿಮ್ಮ ಮೇಲೆ ನಮಗೆ ನೂರಕ್ಕೆ ನೂರು ನಂಬಿಕೆ," ಎಂದರು ಉಳಿದವರು. ಬಾಗಿಲಮ್ಮ ಹೊಸಿಲಲ್ಲಿ ತಿರುಗಿ ನಕ್ಕರು: "ನನಗೇ ನನ್ನ ಮೇಲಿರೋದು ಅರವತ್ತು!"