ನೀಲಕಂಠಣ್ಣನ ಅರ್ಧ ಮಾತ್ರೆ

ಚಾಮರಾಜನಗರದ ರೇಷ್ಮೆ ಬಿತ್ತನೆ ಕೋಠಿಯಲ್ಲಿ ನಾನೂ ನೀಲಕಂಠಸ್ವಾಮಿಯವರೂ ಏಳು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದೆವು. ಕೈ ಚಾಚಿದರೆ ಅವರ ಭುಜ ಸಿಗುವಷ್ಟು ಹತ್ತಿರ. ಅಷ್ಟು ಹತ್ತಿರವಿದ್ದೂ ಆ ಮನುಷ್ಯನಿಗೆ ಏನಾಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅಷ್ಟು ಹೊತ್ತಿಗೆ ನೀವು ನನ್ನನ್ನು ಒಳ್ಳೆಯವನು ಎಂದುಕೊಂಡುಬಿಟ್ಟಿರುತ್ತೀರಿ.

ನಮ್ಮ ಕೆಲಸ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ರೇಷ್ಮೆ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಇಟ್ಟ ಮೇಲೆ ಆ ತಾಯಿಚಿಟ್ಟೆಯನ್ನು ಅಂಗೈಯಗಲದ ಪಿಂಗಾಣಿ ಒರಳಿನಲ್ಲಿ ಹಾಕಿ, ನಾಲ್ಕು ಹನಿ ದ್ರಾವಣ ಬಿಟ್ಟು ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ತಾಯಿಗೆ ಗಂಟುರೋಗವಿದ್ದರೆ ಮೊಟ್ಟೆಗೂ ಬಂದಿರುತ್ತದೆ. ಅಂಥ ಮೊಟ್ಟೆ ಒಬ್ಬ ರೈತನ ಮನೆ ಸೇರಿದರೆ ಇಡೀ ಬೆಳೆ ಹೋಗುತ್ತದೆ. ಹಾಗಾಗಿ ಒಂದು ಚಿಟ್ಟೆಯಲ್ಲಿ ರೋಗದ ಕಣ ಕಂಡರೂ ಅದೇ ಮನೆಯ ಗೂಡಿನಿಂದ ಬಂದ ಹಾಳೆಗಳನ್ನೆಲ್ಲ ಹಿತ್ತಲ ಗುಂಡಿಯಲ್ಲಿ ಸುಡುತ್ತೇವೆ. ನಾವು ಹೇಳಬೇಕಾದದ್ದು ‘ಇದೆ’ ಅಥವಾ ‘ಇಲ್ಲ’, ಎರಡೇ ಮಾತು.

ಈ ಎರಡು ಮಾತಿನಲ್ಲಿ ನೀಲಕಂಠಣ್ಣ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಒಂದೇ ಹನಿಯಲ್ಲಿ ಐದು ಜಾಗ ನೋಡಬೇಕು ಎಂದು ನಿಯಮವಿದ್ದರೆ ಅವರು ಹತ್ತು ನೋಡುವರು. ಅನುಮಾನ ಬಂದರೆ ಇನ್ನೊಂದು ಹನಿ ಹಾಕುವರು. ನಮ್ಮ ಮೇಲಧಿಕಾರಿ ಮರಿಯಯ್ಯನವರು ನನ್ನ ಗಾಜುಗಳನ್ನು ಮತ್ತೆ ನೋಡಿ ಸಹಿ ಹಾಕುತ್ತಿದ್ದರು; ನೀಲಕಂಠಣ್ಣನವನ್ನು ನೋಡದೆಯೇ ಹಾಕುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವರ ಹೆಂಡತಿ ಮಂಗಳಗೌರಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಚಿಕ್ಕಬಸಮ್ಮ ಎಂಬ ಮುದುಕಿಯ ಮನೆಯ ಪಕ್ಕದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಮಾಡಿದ ಉಪ್ಪಿಟ್ಟನ್ನೇ ಡಬ್ಬಿಗೆ ಹಾಕಿಕೊಂಡು ಬರುವರು, ಉಳಿದದ್ದು ರಾತ್ರಿಗೆ. ದಿನಕ್ಕೆ ಇನ್ನೂರು ಸಲ ‘ಇಲ್ಲ’ ಎನ್ನುವುದು ಬಿಟ್ಟರೆ ಅವರ ಬಾಯಿಂದ ಬೇರೆ ಮಾತು ಹೊರಡುತ್ತಿದ್ದುದು ಕಡಿಮೆ. ಅದು ಅವರ ಸ್ವಭಾವ ಎಂದು ನಾವೆಲ್ಲ ತೀರ್ಮಾನ ಮಾಡಿ ಆಗಿತ್ತು. ಹೆಂಡತಿ ಇದ್ದಾಗ ಆ ಮನುಷ್ಯ ಮಾತಾಡುತ್ತಿದ್ದನೇ ಎಂದು ನೆನಪು ಮಾಡಿಕೊಳ್ಳಲು ಒಬ್ಬರೂ ಹೋಗಲಿಲ್ಲ.

ತೊಂಬತ್ತೈದನೇ ಇಸವಿಯ ಯುಗಾದಿ ಕಳೆದ ಮೇಲೆ ಅವರಿಗೆ ಶುರುವಾಯಿತು. ಸುಮ್ಮನೆ ಕೂತಿದ್ದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಉಸಿರು ಸಾಲದೆ ಹೋಗುವುದು. ಒಮ್ಮೆ ಗುಂಡ್ಲುಪೇಟೆಗೆ ಹೊರಟವರು ಬಸ್ಸಿನಲ್ಲಿ ಕೂರಲಾಗದೆ ತೆರಕಣಾಂಬಿಯಲ್ಲೇ ಇಳಿದು, ಯಾರದೋ ಅಂಗಡಿಯ ಮುಂದೆ ಒಂದು ಗಂಟೆ ನಿಂತಿದ್ದು ವಾಪಸು ಬಂದರಂತೆ. ಯಾವುದನ್ನೂ ಯಾರಿಗೂ ಹೇಳಲಿಲ್ಲ. ಗಾಜಿನ ಮೇಲೆ ತೆಳು ಗಾಜು ಮುಚ್ಚುವಾಗ ಅವರ ಬೆರಳು ನಡುಗುವುದನ್ನು ನಾನು ಕಂಡೆ. ಕಂಡು ಕೇಳಿದ್ದು ಏನು ಗೊತ್ತೆ?

“ಏನಣ್ಣ, ರಾತ್ರಿ ವಸಿ ಜಾಸ್ತಿ ಆಯ್ತಾ?”

ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ. ನಕ್ಕು ಮತ್ತೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

ಕೊನೆಗೆ ಗುಂಡ್ಲುಪೇಟೆಯ ಡಾಕ್ಟರ್ ಮಲ್ಲಿಕಾರ್ಜುನಸ್ವಾಮಿಯವರ ಹತ್ತಿರ ತೋರಿಸಿಕೊಂಡರು. ಚಾಮರಾಜನಗರದಲ್ಲಿ ಡಾಕ್ಟರಿಲ್ಲದೆ ಅಲ್ಲ. ಇಲ್ಲಿ ಮೆಡಿಕಲ್ ಅಂಗಡಿಯವನಿಗೆ ಚೀಟಿ ಕೊಟ್ಟರೆ ಸಂಜೆಯೊಳಗೆ ಕೋಠಿಯ ಕಸ ಗುಡಿಸುವವರವರೆಗೂ ಸುದ್ದಿ ಮುಟ್ಟುತ್ತದೆ. ಡಾಕ್ಟರು ಇ.ಸಿ.ಜಿ. ತೆಗೆಸಿದರು, ಹೃದಯ ಚೆನ್ನಾಗಿತ್ತು. ಥೈರಾಯ್ಡ್ ಇರಬಹುದೆಂದು ರಕ್ತ ತೆಗೆದು ಮೈಸೂರಿಗೆ ಕಳಿಸಿದರು. ಮನಸ್ಸಿಗೆ ಸಂಬಂಧಪಟ್ಟದ್ದೂ ಇರಬಹುದು, ಅದನ್ನು ಮೈಸೂರಿನ ದೊಡ್ಡ ಡಾಕ್ಟರೇ ನೋಡಿ ಹೇಳಬೇಕು, ಎಲ್ಲ ಸೇರಿ ಒಂದೆರಡು ತಿಂಗಳಾಗುತ್ತದೆ ಎಂದರು. ಅಲ್ಲಿಯವರೆಗೆ ರಾತ್ರಿ ಅರ್ಧ ಮಾತ್ರೆ ತೆಗೆದುಕೊಳ್ಳಿ ಎಂದು ಬರೆದುಕೊಟ್ಟರು.

“ಕಾಯ್ಲೆ ಯಾವ್ದು ಅಂತ ಇನ್ನೂ ಗೊತ್ತಿಲ್ವಲ್ಲ ಸಾರ್,” ಎಂದರಂತೆ ನೀಲಕಂಠಣ್ಣ.

“ನನಗೂ ಗೊತ್ತಿಲ್ಲ ಸ್ವಾಮಿ. ನೀವು ನಿದ್ದೆ ಮಾಡ್ತಾ ಇಲ್ಲ ಅನ್ನೋದು ಮಾತ್ರ ಗೊತ್ತು. ಹೆಸರು ಆಮೇಲೆ ಹುಡುಕೋಣ.”

ಈ ಮಾತು ಅವರಿಗೆ ಹಿಡಿಸಲಿಲ್ಲ. ಮಾತ್ರೆಯನ್ನೇನೋ ಅಲ್ಲೇ ಕೊಂಡರು. ತಂದು ಟ್ರಂಕಿನಲ್ಲಿಟ್ಟರು. ಮೂರು ವಾರ ದಿನಾ ಸಂಜೆ ಹೊರಗೆ ತೆಗೆದು ನೋಡಿ ಮತ್ತೆ ಒಳಗಿಟ್ಟರು.

ಒಂದು ದಿನ ಊಟದ ಹೊತ್ತಿನಲ್ಲಿ, ಅವರಾಗಿಯೇ, ನನ್ನ ಕಡೆ ನೋಡದೆ ಕೇಳಿದರು. “ಮಾದೇಶ, ಕಾಯ್ಲೆ ಇಂಥದ್ದು ಅಂತ ಗೊತ್ತಾಗಕ್ ಮುಂಚೆ ಮಾತ್ರೆ ನುಂಗಬೋದ?”

“ಎಂಥ ಮಾತ್ರೆ?”

“ಗಾಬ್ರಿಗೆ ಕೊಡ್ತರಲ್ಲ, ಅದು.”

ಏಳು ವರ್ಷದಲ್ಲಿ ಆ ಮನುಷ್ಯ ನನ್ನ ಹತ್ತಿರ ಕೇಳಿದ ಮೊದಲ ಮಾತು ಅದು. ನಾನು ಬಾಯಲ್ಲಿದ್ದ ಮುದ್ದೆ ನುಂಗಿ, ಎಲ್ಲ ತಿಳಿದವನ ಹಾಗೆ ಹೇಳಿದೆ. “ಅದೆಲ್ಲ ಬ್ಯಾಡ ಕಣಣ್ಣ. ಒಂದ್ ಸಲ ಇಡ್ಕಂಡ್ರೆ ಬುಡಕಾಗಲ್ಲ. ತಲೆ ಮಂಕಾಯ್ತದೆ. ಆಮೇಲೆ ಕಣ್ಣು ಎಂಗ್ ನಿಲ್ತದೆ ನಮ್ ಕೆಲ್ಸಕ್ಕೆ?”

“ನಾನೂ ಅದೇ ಅಂದ್ಕಂಡೆ,” ಎಂದರು. ಡಬ್ಬಿ ಮುಚ್ಚುತ್ತಾ, “ಈಗ್ಲೇ ನುಂಗ್ಬುಟ್ರೆ, ಒಳಗಿರ ಕಾಯ್ಲೆ ಮುಚ್ಕಂಡ್ರೆ? ಆಮೇಲೆ ಯಾರು ಕಂಡುಹಿಡಿಯದು?” ಎಂದರು. ನೋಡದೆ ಒಂದು ಹಾಳೆಯನ್ನೂ ಸುಡದ, ನೋಡದೆ ಒಂದು ಹಾಳೆಯನ್ನೂ ರೈತನಿಗೆ ಕೊಡದ ಮನುಷ್ಯನಿಗೆ ಇದು ನ್ಯಾಯವಾದ ಪ್ರಶ್ನೆಯೇ. ಯಾರಿಗೆ ಮಾತ್ರೆ ಎಂದು ನಾನು ಕೇಳಬೇಕಿತ್ತು. ಮುದ್ದೆ ಆರುತ್ತಿತ್ತು, ಕೇಳಲಿಲ್ಲ.

ಅದಾದ ಮುಂದಿನ ವಾರ ಭೀಮನಬೀಡಿನ ಮರಿಮಲ್ಲಪ್ಪನ ಗೂಡಿನ ಸರದಿ ಬಂತು. ಮರಿಮಲ್ಲಪ್ಪ ಬಿತ್ತನೆ ಗೂಡು, ಅಂದರೆ ಕೋಠಿಗೆ ಮೊಟ್ಟೆಗೆಂದೇ ಕೊಡುವ ಗೂಡು, ಬೆಳೆಯುವ ರೈತ, ಹುಳುವಿನ ಮನೆಗೆ ಹೊರಗಿನವರನ್ನು ಕಾಲು ತೊಳೆಯದೆ ಬಿಡದಷ್ಟು ಶುಚಿಯ ಮನುಷ್ಯ. ಅವನ ಗೂಡಿನಿಂದ ಬಂದ ಚಿಟ್ಟೆಗಳನ್ನು ನೀಲಕಂಠಣ್ಣ ನೋಡುತ್ತಿದ್ದರು. ಬೆಳಿಗ್ಗೆಯಿಂದ ‘ಇಲ್ಲ’, ‘ಇಲ್ಲ’ ಎನ್ನುತ್ತಿದ್ದವರು ಹನ್ನೊಂದು ಗಂಟೆಯ ಸುಮಾರಿಗೆ ‘ಇದೆ’ ಎಂದರು. ಎಂದವರೇ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದರು. ಇನ್ನೊಂದು ಹನಿ ಹಾಕಲಿಲ್ಲ.

ಮರಿಯಯ್ಯನವರು ಎಂದಿನಂತೆ ನೋಡದೆ ಸಹಿ ಹಾಕಿದರು. ಮಧ್ಯಾಹ್ನ ಆ ಗೂಡಿನ ಮೊಟ್ಟೆ ಹಾಳೆಗಳನ್ನೆಲ್ಲ ಗುಂಡಿಗೆ ಹಾಕಿ ಸುಟ್ಟರು. ಸುದ್ದಿ ತಿಳಿದು ಮರಿಮಲ್ಲಪ್ಪ ಸಂಜೆ ಬಂದ. ಬೂದಿಯನ್ನು ನೋಡುತ್ತಾ ನಿಂತಿದ್ದು, “ನಮ್ಮನೇಲಿ ಗಂಟುರೋಗ ಅಂದ್ಮೇಲೆ ಮುಗೀತು ಬುಡಿ,” ಎಂದ. ಗಂಟುರೋಗ ಕಂಡ ಮನೆಯ ಗೂಡನ್ನು ಮುಂದಿನ ಬೆಳೆಗೆ ಕೋಠಿ ತೆಗೆದುಕೊಳ್ಳುವುದಿಲ್ಲ. ಅಕ್ಕಪಕ್ಕದವರು ಆ ಮನೆಗೆ ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಏನನ್ನೂ ಕೊಡುವುದಿಲ್ಲ, ಇಸಿದುಕೊಳ್ಳುವುದೂ ಇಲ್ಲ. ಅವನ ಮುಖ ನೋಡಲಾಗದೆ ನಾನು ಒಳಗೆ ಬಂದುಬಿಟ್ಟೆ.

ರೋಗ ಕಂಡ ಒರಳನ್ನು ಮಾರನೆಯ ದಿನದವರೆಗೆ ತೊಳೆಯಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಮಾರನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನೀಲಕಂಠಣ್ಣ ಅದೇ ಒರಳಿನಲ್ಲಿ ಉಳಿದಿದ್ದುದರಿಂದ ಒಂದೊಂದೇ ಹನಿ ತೆಗೆದು ಆರು ಗಾಜು ಮಾಡಿಟ್ಟುಕೊಂಡು ಕೂತಿದ್ದರು.

“ಬಾ ಇಲ್ಲಿ. ನಿನ್ ಕಣ್ಣಲ್ಲಿ ನೋಡು,” ಎಂದರು.

ಆರನ್ನೂ ನೋಡಿದೆ. ಗಂಟುರೋಗದ ಕಣ ಉದ್ದುರುಟಾಗಿ ಹೊಳೆಯುತ್ತದೆ. ಇಲ್ಲಿ ಇದ್ದದ್ದು ಬರೀ ಕೊಬ್ಬಿನ ಹನಿ, ದುಂಡಗೆ, ಸಾಧಾರಣವಾಗಿ. ಕೆಲಸ ಕಲಿಯುವವನೂ ಮೊದಲ ತಿಂಗಳು ಕಳೆದ ಮೇಲೆ ಇದನ್ನು ತಪ್ಪಾಗಿ ಹೇಳುವುದಿಲ್ಲ.

“ಏನೂ ಇಲ್ವಲ್ಲಣ್ಣ,” ಎಂದೆ.

“ಇಲ್ಲ. ನೆನ್ನೇನೂ ಇರ್ಲಿಲ್ಲ.” ಅವರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದಿದ್ದರು. “ಎದೆ ಒಡ್ಕಳಕ್ ಶುರುವಾಯ್ತು ಕಣ ಮಾದೇಶ. ಆ ಕುರ್ಚಿಯಿಂದ ಎದ್ದೋಗ್ಬೇಕಿತ್ತು, ಅಷ್ಟೆ. ಇಲ್ಲ ಅಂದ್ರೆ ಮುಂದಿಂದು ನೋಡ್ಬೇಕು. ಇದೆ ಅಂದ್ರೆ ಎದ್ದೋಗ್ಬೋದು. ಇದೆ ಅಂದ್ಬುಟ್ಟೆ.”

ಅವರೇ ಮುಂದುವರಿಸಿದರು. “ಕಾಯ್ಲೆ ಹೆಸರು ತಿಳೀಲಿ ಅಂತ ನಾನು ಕಾಯ್ತಾ ಕೂತಿವ್ನಿ. ಅದು ನನ್ಗೆ ಕಾದದ? ನನ್ ಬಾಯಲ್ಲೇ ಇನ್ನೊಬ್ರ ಮನೆ ಸುಡುಸ್ಬುಡ್ತು.”

ಆಗ ನನಗೆ ಮುದ್ದೆ ತಿನ್ನುತ್ತಾ ಕೊಟ್ಟ ಉಪದೇಶ ನೆನಪಾಗಿ ಮೈಯೆಲ್ಲ ಹಿಡಿಯಾಯಿತು. ಆ ಬೆಂಕಿಯಲ್ಲಿ ನನ್ನದೂ ಒಂದು ಕಡ್ಡಿಯಿತ್ತು. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. “ನಿಂದೇನದೆ ಬುಡು,” ಎಂದು ಎದ್ದರು.

ನೀಲಕಂಠಣ್ಣ ಮರಿಯಯ್ಯನವರ ಮುಂದೆ ನಿಂತು, ತಪ್ಪು ನನ್ನದು, ಆ ಮನೆಗೆ ರೋಗವಿಲ್ಲ, ನನ್ನನ್ನು ಮೈಕ್ರೋಸ್ಕೋಪಿನಿಂದ ತೆಗೆಯಿರಿ ಎಂದು ಬರೆದುಕೊಟ್ಟರು. ಮರಿಯಯ್ಯನವರು ಬೈಯಲು ಹೊರಟವರು, ತಾವೂ ನೋಡದೆ ಸಹಿ ಹಾಕಿದ್ದು ನೆನಪಾಗಿರಬೇಕು, ಅವರನ್ನು ಮೊಟ್ಟೆ ಹಾಳೆ ತೊಳೆಯುವ ಕೆಲಸಕ್ಕೆ ಹಾಕಿದರು.

ಅಲ್ಲಿಂದ ನೀಲಕಂಠಣ್ಣ ನೇರವಾಗಿ ಭೀಮನಬೀಡಿಗೆ ಹೋದರು. ಜೊತೆಗೆ ಬರಲೇ ಎಂದೆ, ಬೇಡವೆಂದರು. ಬಸ್ಸಿನಲ್ಲಿ ಎರಡು ಸಲ ಇಳಿದು, ಮುಂದಿನ ಬಸ್ಸು ಹಿಡಿದು ಹೋದರಂತೆ. ಮರಿಮಲ್ಲಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ. “ಸುಟ್ಟಿದ್ದು ಸುಟ್ಟೋಯ್ತು. ನನ್ನೊಬ್ಬನ್ಗೆ ಏಳಿದ್ರೆ ಸಾಲ್ದು ಸಾಮಿ. ಬೀದಿಗ್ ಬಂದ್ ಏಳಿ.” ನೀಲಕಂಠಣ್ಣ ಬೀದಿಗೆ ಬಂದರು. ಅರಳಿಕಟ್ಟೆಯ ಮುಂದೆ ನಿಂತು, ದಿನಕ್ಕೆ ನಾಲ್ಕು ಮಾತಾಡದ ಆ ಮನುಷ್ಯ, ಮರಿಮಲ್ಲಪ್ಪನ ಹುಳುವಿಗೆ ರೋಗವಿರಲಿಲ್ಲ, ಕಾಯಿಲೆ ಇರುವುದು ನನಗೆ, ಎಂದು ಎಂಟು ಹತ್ತು ಜನರ ಮುಂದೆ ಹೇಳಿದರು.

ಅದೇ ಮಧ್ಯಾಹ್ನ ಗುಂಡ್ಲುಪೇಟೆಗೆ ಹೋಗಿ ಡಾಕ್ಟರ ಮುಂದೆ ಕೂತರು. ಮೈಸೂರಿನ ರಿಪೋರ್ಟು ಇನ್ನೂ ಬಂದಿರಲಿಲ್ಲ.

“ಇವತ್ತಿಂದ ಮಾತ್ರೆ ತಗೋತೀನಿ,” ಎಂದರು.

“ಒಳ್ಳೇದು. ಅಭ್ಯಾಸ ಆಗೋಕೆ ಬಿಡಲ್ಲ, ಹದಿನೈದು ದಿನಕ್ಕೊಂದ್ಸಲ ಬಂದು ತೋರಿಸ್ಬೇಕು. ನಾನು ಹೇಳದೆ ಜಾಸ್ತಿ ಮಾಡ್ಬಾರ್ದು, ತಟ್ಟಂತ ಬಿಡ್ಲೂಬಾರ್ದು. ಮೊದಲನೇ ಒಂದು ವಾರ ಮನೇಲಿ ಯಾರಾದ್ರೂ ಗಮನ ಇಟ್ಟಿರ್ಲಿ. ಯಾರಿದ್ದಾರೆ ಮನೇಲಿ?”

ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಳ್ಳಿ ಇಣುಕಿದರು. ಕೊನೆಗೆ ನೀಲಕಂಠಣ್ಣ, “ಚಿಕ್ಕಬಸಮ್ಮ ಅಂತ ಒಬ್ರವ್ರೆ,” ಎಂದರು. ಡಾಕ್ಟರು ಚೀಟಿಯ ಮೇಲೆ ಆ ಹೆಸರು ಬರೆದುಕೊಂಡರು. ಬಾಡಿಗೆ ಕೊಡುವುದು ಬಿಟ್ಟರೆ ಆ ಮುದುಕಿಯ ಹತ್ತಿರ ಅವರು ಮಾತಾಡಿಯೇ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ನನಗೆ ಹೇಳಿದವರು ಚಿಕ್ಕಬಸಮ್ಮನೇ. ಸಂಜೆ ಅವರು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದಾಗ ನೀಲಕಂಠಣ್ಣ ಬಂದು, ಚಪ್ಪಲಿ ಬಿಟ್ಟು, ಪರರ ಮನೆಗೆ ಬಂದವರಂತೆ ದೂರ ನಿಂತರಂತೆ.

“ಅವ್ವ, ಒಂದ್ ಮಾತ್ರೆ ಕೊಟ್ಟವ್ರೆ. ಯಾರಾದ್ರು ವಸಿ ನೋಡ್ಕಬೇಕಂತೆ, ಒಂದ್ ವಾರ. ನಿಮ್ ಎಸ್ರು ಏಳ್ಬುಟ್ಟೆ. ಕೇಳ್ದೆ ಏಳಿದ್ದು ತಪ್ಪಾಯ್ತು.”

“ಏನಾಗದೆ ನಿಂಗೆ?”

“ಗೊತ್ತಿಲ್ಲ ಕಣವ್ವ.”

ಚಿಕ್ಕಬಸಮ್ಮ ಇನ್ನೇನೂ ಕೇಳಲಿಲ್ಲ. “ಅಗುಳಿ ಆಕಬ್ಯಾಡ ಕಣಪ್ಪ, ಬಾಗ್ಲು ಸುಮ್ಕೆ ಮುಂದ್ಕೆ ಮಾಡಿರು,” ಎಂದು ಒಳಗೆ ಹೋಗಿ ಬಿಸಿ ಮುದ್ದೆ, ಸಾರು ತಂದುಕೊಟ್ಟರು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬಾರದು ಎಂಬುದು ಅವರಿಗೆ ಗೊತ್ತಿದ್ದ ಒಂದೇ ವೈದ್ಯ.

ಎಂಟು ಗಂಟೆಗೆ ನೀಲಕಂಠಣ್ಣ ಮಾತ್ರೆ ಮುರಿದು ಅರ್ಧ ನುಂಗಿ ಮಲಗಿದರು. ಮುದುಕಿ ಜಗಲಿಯಿಂದಲೇ ಕೂಗಿದರು. “ನೀಲಕಂಠಪ್ಪ, ಇದ್ದಿಯಾ?”

“ಇವ್ನಿ ಕಣವ್ವ.”

ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿದರು. ಮತ್ತೆ ಅದೇ ಉತ್ತರ ಬಂತು. ನಾಲ್ಕನೆಯ ಸಲ ಉತ್ತರದ ಜೊತೆಗೆ ಮೂಗೆಳೆದ ಸದ್ದೂ ಕೇಳಿಸಿತಂತೆ. ಅಳುತ್ತಿದ್ದಾನೆ ಎಂದು ಚಿಕ್ಕಬಸಮ್ಮನಿಗೆ ತಿಳಿಯಿತು, ತಿಳಿದರೂ ಒಳಗೆ ಹೋಗಲಿಲ್ಲ. ಐದನೆಯ ಸಲ ಕೂಗಿದಾಗ ಉತ್ತರವಿರಲಿಲ್ಲ. ಬಾಗಿಲು ತಳ್ಳಿಕೊಂಡು ಹೋಗಿ, ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿ, ಹೊರಗೆ ಬಂದು ಆ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡರು.

ಬೆಳಿಗ್ಗೆ ನೀಲಕಂಠಣ್ಣ ಎದ್ದು ಬಾಗಿಲು ತೆಗೆದಾಗ ಮುದುಕಿ ಇನ್ನೂ ಮಲಗಿದ್ದರು. ಮಲಗಿದವರನ್ನು ದಾಟಿಕೊಂಡು ಹೋಗಬಾರದು. ಎಬ್ಬಿಸಲು ಅವರಿಗೆ ಮನಸ್ಸು ಬರಲಿಲ್ಲ. ಸ್ನಾನವಿಲ್ಲ, ಉಪ್ಪಿಟ್ಟಿಲ್ಲ, ಒಳಗೇ ಗೋಡೆಗೊರಗಿ ಕೂತು, ಆಕೆ ತಾವಾಗಿ ಏಳುವವರೆಗೂ ಕಾದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಮೊದಲನೆಯ ಸಲ ಆ ದಿನ ಅವರು ಕೋಠಿಗೆ ಒಂದು ಗಂಟೆ ತಡವಾಗಿ ಬಂದರು.