ರಮಜಾನಸಾಬರ ಹಸಿರು ಚುಕ್ಕಿ

ಯಮಕನಮರಡಿಯ ಹೆದ್ದಾರಿ ಬದಿಗೆ ಮೊಬೈಲ್ ಅಂಗಡಿ ಇಟ್ಟಿರುವ ರಮಜಾನಸಾಬರು ಹೆಸರಿಡದೆ ಯಾರ ಫೋನನ್ನೂ ತಮ್ಮ ಕಂಪ್ಯೂಟರಿಗೆ ಜೋಡಿಸುವವರಲ್ಲ. ಫೋಟೊ ಇಳಿಸಿಕೊಡಿ ಎಂದು ಹೋದರೆ ಮೊದಲು ಫೋನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಬ್ಲೂಟೂತ್ ಚಾಲೂ ಮಾಡಿ, ಕಂಪನಿಯವರು ಫೋನಿಗೆ ಹೆಸರಾಗಿ ಕೊಟ್ಟ ಅಂಕಿಗಳನ್ನು ಅಳಿಸಿ, 'ಲಗಮಪ್ಪ ಕಾಕಾ', 'ಫಕೀರವ್ವ ಆಯಿ' ಎಂದು ಒಂದೇ ಬೆರಳಿನಲ್ಲಿ ಬರೆಯುತ್ತಾರೆ. "ಹೆಸರಿಲ್ಲಂದ್ರ ಯಾರ ಬಂದಾರಂತ ಕಂಪ್ಯೂಟರಿಗಿ ಹೆಂಗ ತಿಳೀಬೇಕ್ರಿ?" ಹೀಗೆ ಅರ್ಧ ಊರೇ ಅವರ ಕಂಪ್ಯೂಟರಿನ ಪಟ್ಟಿ ಸೇರಿದೆ, ಜನಗಣತಿಯವರು ಮನೆಮನೆ ತಿರುಗದೆ ಇಲ್ಲಿಗೆ ಬಂದರೂ ಸಾಕು. ಹಳೆಯ ಹೆಸರು ತೆಗೆಯಿರಿ, ಯಂತ್ರ ಹಗುರಾಗುತ್ತದೆ ಎಂದರೆ, "ಇರ್ಲಿ ಬಿಡ್ರಿ, ಅವರೇನ ಕುಂಡ್ರಾಕ ಖುರ್ಚಿ ಕೇಳ್ಯಾರೇನ?" ಎನ್ನುತ್ತಾರೆ. ಮಧ್ಯಾಹ್ನ ಒಂದಕ್ಕೆ ಮಾತ್ರ ಎಂಥ ಗಿರಾಕಿ ನಿಂತಿದ್ದರೂ ಕೆಲಸ ನಿಲ್ಲಿಸಿ, ಮೇಜಿನ ವೈರುಗಳನ್ನೆಲ್ಲ ಬದಿಗೆ ಸರಿಸಿ, ಪಟ್ಟಿಯ ಮೊದಲ ಹೆಸರನ್ನು ನೋಡುತ್ತ ಕೂರುತ್ತಾರೆ. ಅದು ಹೆಂಡತಿ ಸಾಯಿರಾಬಿಯ ಫೋನು. ಬುತ್ತಿ ಹಿಡಿದು ಆಕೆ ಅಂಗಡಿಯ ಮೆಟ್ಟಿಲಿಗೆ ಬರುತ್ತಲೇ ಫೋನು ತಾನಾಗಿ ಜೋಡಿಯಾಗಿ, ಹೆಸರಿನ ಮುಂದೆ ಹಸಿರು ಚುಕ್ಕಿ ಹತ್ತುತ್ತಿತ್ತು. ಆಕೆ ಒಳಗೆ ಕಾಲಿಡುವಷ್ಟರಲ್ಲಿ ಬುತ್ತಿ ಬಿಚ್ಚಲು ಮೇಜು ಖಾಲಿ ಇರುತ್ತಿತ್ತು. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಫೋನು ಅವರ ಡ್ರಾವರಿನಲ್ಲೇ ಇದೆ, ಬಂದ್ ಮಾಡಿಟ್ಟಿದ್ದಾರೆ. ಒಮ್ಮೆ ಚಾಲೂ ಮಾಡಿ ನೋಡಬಾರದೇ ಎಂದು ನಾನು ಕೇಳಿದೆ. ವೈರುಗಳನ್ನು ಮತ್ತೆ ಮೇಜಿಗೆ ಎಳೆದುಕೊಳ್ಳುತ್ತ ಹೇಳಿದರು: "ಚುಕ್ಕಿ ಹತ್ತತೈತ್ರಿ. ಆಮ್ಯಾಲ ನಾ ಬಾಗಲದ ಕಡೆ ನೋಡ್ತೇನಿ."