ಕಿಮ್ಚಿ ಡಬ್ಬಿಯೊಳಗಿನ ಕ್ಯಾಮೆರಾ

ನಮ್ಮ ಮಾಲ್-ಸುನ್ ಅಕ್ಕನಿಗೆ ಅರವತ್ತೆರಡು. ತೇಗು ನಗರದ ಪೇಟೆಯಲ್ಲಿ ಅವಳದು ಪಲ್ಯದಂಗಡಿ, ಪಕ್ಕದಲ್ಲಿ ನನ್ನದು ಮೀನಿನಂಗಡಿ. ಇಬ್ಬರೂ ಗಾಯಕ ತೇ-ರ್ಯಾಂಗನ ಅಭಿಮಾನಿ ಸಂಘದವರು. ಅವನಿಗೆ ಮೂವತ್ತು, ನಮ್ಮ ಹುಚ್ಚಿಗೆ ವಯಸ್ಸೇ ಇಲ್ಲ. ಅವನು ಎಲ್ಲಿ ಹಾಡಿದರೂ ಹಳದಿ ಜಾಕೀಟು ತೊಟ್ಟು ಹೊರಟೇಬಿಡುತ್ತೇವೆ.

ಕಾರ್ಯಕ್ರಮದಲ್ಲಿ ಫೋಟೋ ತೆಗೆಯಬಾರದು. ಅಕ್ಕ ತೆಗೆಯುತ್ತಾಳೆ! ಎರಡಂತಸ್ತಿನ ಡಬ್ಬಿ: ಮೇಲೆ ಹುಳಿಬಂದು ನಾರುವ ಎಲೆಕೋಸಿನ ಕಿಮ್ಚಿ, ಕೆಳಗೆ ಕ್ಯಾಮೆರಾ. ಬಾಗಿಲ ಕಾವಲಿನವರು ಮುಚ್ಚಳ ತೆಗೆದವರೇ ಮೂಗು ಮುಚ್ಚಿಕೊಂಡು ಒಳಗೆ ಬಿಡುತ್ತಾರೆ. ಹಾಡಿನ ಸಾಲುಸಾಲಿನ ನಡುವೆ ನಾವೆಲ್ಲ "ತೇ-ರ್ಯಾಂಗ್!" ಎಂದು ಒಟ್ಟಿಗೆ ಕೂಗುವುದು ವಾಡಿಕೆ. ಅಕ್ಕ ಗುಂಡಿ ಒತ್ತುವುದು ಆಗಲೇ. 'ಟಕ್' ಯಾರಿಗೂ ಕೇಳಿಸುವುದಿಲ್ಲ.

ಆದರೂ ಎರಡು ಸಲ ಸಿಕ್ಕಿಬಿದ್ದಿದ್ದಳು. ಮೂರನೆಯ ಸಲ ಹೆಸರು ಬರೆದುಕೊಂಡರೆ ಸಂಘದಿಂದಲೇ ಹೊರಗೆ.

"ಸುಮ್ನಿರಬಾರ್ದಾ ಅಕ್ಕಾ?"

"ಅವನ ಹುಟ್ಟುಹಬ್ಬಕ್ಕೆ ನಮ್ಮ ಸಂಘ ಬಸ್ ಸ್ಟಾಪಲ್ಲಿ ಹಾಕೋ ಚಿತ್ರ ನಂದೇ ಆಗ್ಬೇಕು ಕಣೇ. ನೀನು ಬಾಯ್ಮುಚ್ಕೊಂಡು ಕೂಗು!"

ಬಾಯಿ ಮುಚ್ಚಿಕೊಂಡು ಕೂಗುವುದು ಹೇಗೋ, ಅವಳಿಗೇ ಗೊತ್ತು.

ಪೋಹಾಂಗ್ ಊರಿನಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮ. ನಾವು ಕೂಗಬೇಕಾದ ಜಾಗಕ್ಕೆ ಸರಿಯಾಗಿ ಆ ತುಂಟ ತೇ-ರ್ಯಾಂಗ್ ತುಟಿಯ ಮೇಲೆ ಬೆರಳಿಟ್ಟ. ಸಭೆಗೆ ಸಭೆಯೇ ಗಪ್‌ಚಿಪ್. ಅಕ್ಕನ ಬೆರಳು ಆಗಲೇ ಒತ್ತಿಯಾಗಿತ್ತು. ಟಕ್, ಟಕ್, ಟಕ್, ಟಕ್!

ವೇದಿಕೆಗೆ ಬೆನ್ನು ಹಾಕಿ ನಮ್ಮನ್ನೇ ಕಾಯುತ್ತಿದ್ದ ಗೋಡೆಯಂಥ ಕಾವಲಿನವನು ನೇರ ಬಂದ.

"ಹೆಸರು ಹೇಳಿ ಅಮ್ಮಾ."

"ಅಯ್ಯೋ ತಮ್ಮಾ, ಹೆಸರೊಂದು ಬರೀಬೇಡಪ್ಪ. ನಿನ್ನೆದುರೇ ಅಳಿಸ್ತೀನಿ."

ಅಕ್ಕ ಕಣ್ಣೀರು ಹಾಕಿಕೊಂಡು ಒಂದೊಂದೇ ಅಳಿಸಿದಳು. ಅವನ ಮನಸ್ಸು ಕರಗಿತು, ಬಿಟ್ಟ. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡುಗಳಿವೆ, ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಉಳಿದಿರುತ್ತದೆ ಎಂಬುದು ಆ ಪಾಪದವನಿಗೇನು ಗೊತ್ತು?

ಅಂಗಡಿಗೆ ಬಂದು ನೋಡಿದರೆ ತೇ-ರ್ಯಾಂಗ್ ಪೂರ್ತಿ ಮಸುಕು. ಸ್ಪಷ್ಟವಾಗಿ ಬಂದಿದ್ದವನು ಆ ಕಾವಲಿನವನೇ! ಎದೆಯ ಮೇಲೆ ಕೈ, ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ನೀರು. ತೇ-ರ್ಯಾಂಗನ ಹಾಡನ್ನೇ ಸದ್ದಿಲ್ಲದೆ ತುಟಿಯಲ್ಲೇ ಹಾಡುತ್ತಿದ್ದಾನೆ. ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ಮಾತ್ರ ನಗಲಿಲ್ಲ.

ಮುಂದಿನ ಕಾರ್ಯಕ್ರಮಕ್ಕೆ ಬಾಗಿಲಲ್ಲಿ ಅವನೇ. ಅಕ್ಕ ಡಬ್ಬಿಯ ಜೊತೆ ಆ ಫೋಟೋ ಇಟ್ಟಳು.

"ತಗೋ ತಮ್ಮಾ. ಇರೋದು ಇದೊಂದೇ. ಈ ಸಲ ನಿಜವಾಗ್ಲೂ ಅಳಿಸಿದೀನಿ."

ಅವನು ಕಿವಿಯವರೆಗೆ ಕೆಂಪಾದ. ಫೋಟೋವನ್ನು ಒಳಜೇಬಿಗೆ ಸೇರಿಸಿ ಡಬ್ಬಿ ತೆರೆದ. ಮೂಗು ಮುಚ್ಚಲಿಲ್ಲ. ಕಿಮ್ಚಿಯ ತಟ್ಟೆ ಎತ್ತಿ, ಕೆಳಗಿದ್ದುದನ್ನು ನೋಡಿ, ಮತ್ತೆ ಇಟ್ಟ.

"ಎಡಗಡೆಯಿಂದ ತೆಗೀರಿ ಅಮ್ಮಾ," ಎಂದ ಮೆಲ್ಲಗೆ. "ಆ ಕಡೆ ನಾನು ನಿಂತಿರಲ್ಲ."